ಬೇಬಿ ಆಸ್ಟಿನ್‌ಗೊಂದು ಮರದ ಪೆಟ್ಟಿಗೆ: ಬೈಕಂಪಾಡಿಯ ಕ್ರೇಟ್ ಕೆಲಸ ಹೇಗಿದೆ?

ಕಾರು ಕಳುಹಿಸುವ ಕ್ರೇಟನ್ನು ಗೋಡೆ ನೋಡಿ ಅಳೆಯಬಾರದು, ತಳ ನೋಡಿ ಅಳೆಯಬೇಕು. ಗೋಡೆ ಮಳೆ ತಡೆಯುತ್ತದೆ, ಕಣ್ಣು ತಡೆಯುತ್ತದೆ, ಅಷ್ಟೆ. ಕಾರನ್ನು ಹೊತ್ತು ಸಮುದ್ರ ದಾಟಿಸುವುದು ತಳದ ತೊಲೆ ಮತ್ತು ಆಕ್ಸಲ್ (ಚಕ್ರಗಳನ್ನು ಹೊತ್ತ ಅಡ್ಡ ಅಚ್ಚು) ಹಿಡಿದ ನಾಲ್ಕು ಮರದ ಗಟ್ಟಿ.

ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಒಂದು ಪ್ಯಾಕಿಂಗ್ ವರ್ಕ್‌ಶಾಪ್, ‘ಬೇಬಿ ಆಸ್ಟಿನ್’ ಎಂದೇ ಕರೆಯುವ ಹಳೆಯ ಆಸ್ಟಿನ್ ಸೆವೆನ್ ಕಾರಿಗೆ ಕಟ್ಟಿಕೊಟ್ಟ ಕ್ರೇಟ್ ಇಲ್ಲಿ ಪರಿಶೀಲನೆಗೆ ಸಿಕ್ಕಿದೆ. ಕಾರು ಹೊರದೇಶದ ಪ್ರದರ್ಶನಕ್ಕೆ ಹೋಗಿ ಮರಳಿ ಬರಬೇಕು. ಆದ್ದರಿಂದ ಪೆಟ್ಟಿಗೆ ಬಿಚ್ಚಿ ಮತ್ತೆ ಕಟ್ಟುವಂತಿರಬೇಕು, ಅಲ್ಲಿನ ಅಪರಿಚಿತ ಕೈಗಳಿಗೂ ಅರ್ಥವಾಗಬೇಕು. ತೀರ್ಪು ಮೊದಲೇ ಹೇಳಿಬಿಡುತ್ತೇವೆ: ತಳ ಬಹಳ ಚೆನ್ನಾಗಿದೆ, ಹಿಡಿತವೂ ಒಳ್ಳೆಯದು, ಮುಚ್ಚಳ ಸಾಲದು, ಮರ ಹಸಿ. ಈ ನಾಲ್ಕರಲ್ಲಿ ಕೊನೆಯದೇ ದೊಡ್ಡ ದೋಷ.

ಈ ವರ್ಕ್‌ಶಾಪ್ ಕಾರನ್ನು ಚಕ್ರದ ಮೇಲೆ ನಿಲ್ಲಿಸಿ ಬೆಲ್ಟ್ ಬಿಗಿದು ಕಳುಹಿಸುವುದಿಲ್ಲ. ಚಕ್ರ ಬಿಚ್ಚಿ, ಆಕ್ಸಲನ್ನೇ ತಳಕ್ಕೆ ಕೂರಿಸುತ್ತಾರೆ. ಇದು ಮೋಟಾರು ಕಾರಿನ ಆರಂಭದ ಕಾಲದ ಕ್ರಮ, ಮತ್ತು ಅದರ ಹಿಂದೆ ಶುದ್ಧ ಲೆಕ್ಕವಿದೆ. ಆಗ ಹಡಗಿನವರು ಕಾರಿನ ತೂಕಕ್ಕೆ ಬಾಡಿಗೆ ಹಾಕುತ್ತಿರಲಿಲ್ಲ, ಅದು ತಿನ್ನುವ ಜಾಗಕ್ಕೆ ಹಾಕುತ್ತಿದ್ದರು. 40 ಘನ ಅಡಿಗೆ ಒಂದು ಅಳತೆ ಟನ್. ಫೋರ್ಡ್ ಮಾಡೆಲ್ ಟಿ ಅರ್ಧ ಟನ್ನಿಗಿಂತ ಸ್ವಲ್ಪ ಹೆಚ್ಚು ತೂಗುವ ಕಾರು. ಚಕ್ರದ ಮೇಲೆ ನಿಲ್ಲಿಸಿ, ಟಾಪ್ ಏರಿಸಿದ ಹಾಗೇ ಪೆಟ್ಟಿಗೆ ಹೊಡೆದರೆ ಸುಮಾರು 11 ಅಡಿ ಉದ್ದ, ಐದೂವರೆ ಅಡಿ ಅಗಲ, 7 ಅಡಿ ಎತ್ತರ. ಗುಣಿಸಿದರೆ 423 ಘನ ಅಡಿ. ಅರ್ಧ ಟನ್ನಿನ ಬಂಡಿಗೆ ಹತ್ತೂವರೆ ಟನ್ನಿನ ಬಾಡಿಗೆ! ಚಕ್ರ, ಟಾಪ್, ಮುಂದಿನ ಗಾಜು ತೆಗೆದು ಎತ್ತರವನ್ನು ನಾಲ್ಕೂವರೆ ಅಡಿಗೆ ಇಳಿಸಿದರೆ 272 ಘನ ಅಡಿ, ಏಳು ಟನ್ನಿನ ಒಳಗೆ. ಬಿಚ್ಚಿದ ಚಕ್ರಗಳನ್ನು ಚಾಸಿಸ್ (ಕಾರಿನ ಕೆಳ ಚೌಕಟ್ಟು) ಪಕ್ಕದ ಖಾಲಿ ಜಾಗದಲ್ಲೇ ಮಲಗಿಸುತ್ತಿದ್ದರು. ಮಡ್‌ಗಾರ್ಡುಗಳನ್ನು ಒಂದರೊಳಗೊಂದು ಸೇರಿಸಿಡುತ್ತಿದ್ದರು. ಸ್ಟೀರಿಂಗ್ ಕಂಬ ಮೇಲಕ್ಕೆ ಚುಚ್ಚುತ್ತಿದ್ದರೆ ಅದನ್ನೂ ಕಳಚುತ್ತಿದ್ದರು.

ಈ ಲೆಕ್ಕವನ್ನು ಕೊನೆಯವರೆಗೂ ಎಳೆದಾಗ ಹುಟ್ಟಿದ್ದೇ ಕಾರನ್ನು ಪೂರ್ತಿ ಬಿಡಿಭಾಗಗಳಾಗಿ ಕಳುಹಿಸಿ, ತಲುಪಿದ ಊರಿನಲ್ಲಿ ಜೋಡಿಸುವ ಪದ್ಧತಿ. ಎಂಜಿನ್‌ಗಳು ಒಂದು ಪೆಟ್ಟಿಗೆಯಲ್ಲಿ, ಆಕ್ಸಲ್‌ಗಳು ಇನ್ನೊಂದರಲ್ಲಿ, ಬಾಡಿಯ ತಗಡುಗಳು ಮತ್ತೊಂದರಲ್ಲಿ. ಫೋರ್ಡ್ 1911ರಲ್ಲಿ ಇಂಗ್ಲೆಂಡಿನ ಟ್ರಾಫರ್ಡ್ ಪಾರ್ಕಿನಲ್ಲಿ ಹೀಗೆ ಜೋಡಣೆ ಶುರು ಮಾಡಿತು. ಬ್ರಿಟನ್ ಬಿಟ್ಟು ಬ್ರಿಟಿಷ್ ಸಾಮ್ರಾಜ್ಯದ ಉಳಿದ ದೇಶಗಳಿಗೆ ಫೋರ್ಡ್ ಕಾರು ಬರುತ್ತಿದ್ದದ್ದು ಅಮೆರಿಕದಿಂದಲ್ಲ, 1904ರಲ್ಲಿ ಸ್ಥಾಪನೆಯಾದ ಕೆನಡಾದ ಫೋರ್ಡ್‌ನಿಂದ. ಭಾರತವೂ ಅದರ ಪಾಲಿನಲ್ಲೇ ಇತ್ತು. ಮುಂಬೈಯಲ್ಲಿ ಫೋರ್ಡ್ ಕಂಪನಿ 1926ರಲ್ಲಿ ನೆಲೆಯೂರಿತು. ಜನರಲ್ ಮೋಟಾರ್ಸ್ 1928ರಲ್ಲಿ ಅಲ್ಲೇ ಜೋಡಣೆ ಘಟಕ ತೆರೆಯಿತು. ಇನ್ನೊಂದು ತುದಿಯಲ್ಲಿ ರೋಲ್ಸ್ ರಾಯ್ಸ್. ಎರಡನೆಯ ಮಹಾಯುದ್ಧದವರೆಗೂ ಅವರು ಮಾರಿದ್ದು ಚಾಸಿಸ್ ಮಾತ್ರ, ಬಾಡಿ ಕಟ್ಟುವ ಕೆಲಸ ಕೋಚ್‌ಬಿಲ್ಡರ್‌ಗಳದು.

ನಮ್ಮ ಊರಿಗೆ ಸಂಬಂಧಿಸಿದ ಒಂದು ಮಾತು ಇಲ್ಲೇ ಹೇಳಬೇಕು. ಪಣಂಬೂರಿನ ನವಮಂಗಳೂರು ಬಂದರು 1975ರಲ್ಲಿ ಉದ್ಘಾಟನೆಯಾಗುವವರೆಗೆ ದೊಡ್ಡ ಹಡಗುಗಳು ಮಂಗಳೂರಿನ ಹೊರಗೆ ಸಮುದ್ರದಲ್ಲೇ ಲಂಗರು ಹಾಕುತ್ತಿದ್ದವು. ಸರಕು ಅಲ್ಲಿಂದ ದೋಣಿಗಿಳಿದು ಹಳೆ ಬಂದರಿಗೆ ಬರಬೇಕಿತ್ತು. ಅಲೆಯಲ್ಲಿ ಏರಿಳಿಯುವ ದೋಣಿಗೆ ಹಗ್ಗದಲ್ಲಿ ಇಳಿಸುವ ಪೆಟ್ಟಿಗೆ ತಳಕ್ಕೆ ಬಡಿಯದೆ ಕೂರುವುದು ಅಪರೂಪ. ಆ ಕಾಲದ ಕ್ರೇಟಿನ ತಳದಲ್ಲಿ ಅಷ್ಟು ದಪ್ಪದ ತೊಲೆ ಏಕೆ ಇರುತ್ತಿತ್ತು ಎಂಬುದಕ್ಕೆ ಉತ್ತರ ಈ ಬಡಿತದಲ್ಲಿದೆ.

ಈಗ ಬೈಕಂಪಾಡಿಯ ಪೆಟ್ಟಿಗೆಗೆ ಬರೋಣ. ಹೊರ ಅಳತೆ 3000 × 1450 × 1500 ಮಿ.ಮೀ., ಅಂದರೆ 6.5 ಘನ ಮೀಟರ್. ಚಕ್ರ ಬಿಚ್ಚದೆ ಕಟ್ಟಿದ್ದರೆ ಎತ್ತರ 1850ಕ್ಕೆ ಹೋಗಿ 8 ಘನ ಮೀಟರ್ ದಾಟುತ್ತಿತ್ತು. ಇಂದು ಇಡೀ ಕಂಟೇನರ್ ಹಿಡಿಯದೆ, ಬೇರೆಯವರ ಸರಕಿನ ಜೊತೆ ಕಳುಹಿಸುವಾಗಲೂ ಲೆಕ್ಕ ಹಳೆಯದೇ. ಒಂದು ಟನ್ ಅಥವಾ ಒಂದು ಘನ ಮೀಟರ್, ಯಾವುದು ಹೆಚ್ಚೋ ಅದಕ್ಕೆ ದರ. ಚಕ್ರ ಬಿಚ್ಚುವ ಅರ್ಧ ದಿನದ ಕೆಲಸ ಒಂದೂವರೆ ಘನ ಮೀಟರಿನ ಬಾಡಿಗೆ ಉಳಿಸಿದೆ.

ತಳದಲ್ಲಿ ಉದ್ದಕ್ಕೆ ಮೂರು ತೊಲೆ, 100 × 100 ಮಿ.ಮೀ. ತುದಿಗಳನ್ನು ಓರೆಯಾಗಿ ಕೊಯ್ದಿದ್ದಾರೆ, ಹೀಗಾಗಿ ಎಳೆದರೆ ನೆಲಕ್ಕೆ ಸಿಕ್ಕಿಕೊಳ್ಳುವುದಿಲ್ಲ. ಕೆಳಗೆ ಅಡ್ಡಗಟ್ಟಿ ಹೊಡೆದು ಫೋರ್ಕ್‌ಲಿಫ್ಟಿನ ನಾಲಗೆ ಹೋಗಲು ಜಾಗ ಬಿಟ್ಟಿದ್ದಾರೆ. ಎರಡು ತುದಿಗಳಲ್ಲಿ ಅಡ್ಡ ತೊಲೆಯನ್ನು 12 ಮಿ.ಮೀ. ಬೋಲ್ಟಿನಿಂದ ಬಿಗಿದಿದ್ದಾರೆ, ಬರೀ ಮೊಳೆಯಲ್ಲ. ಮೇಲೆ 25 ಮಿ.ಮೀ. ಹಲಗೆ, ನಡುವೆ ಬೆರಳಗಲ ಸಂದು, ನೀರು ಇಳಿದು ಹೋಗಲು. ಹೆಂಚಿನ ಮನೆಗೆ ಪಕ್ಕಾಸು, ರೀಪು ಕೂರಿಸಿ ಅಭ್ಯಾಸವಿರುವ ಆಚಾರಿಗಳ ಕೈ ಇದು ಎಂದು ಜೋಡಣೆ ನೋಡಿದರೇ ತಿಳಿಯುತ್ತದೆ. ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಎಂಬ ಅಂದಾಜು ಅವರಿಗಿದೆ.

ಹಿಡಿತದ ಕೆಲಸ ಈ ಕ್ರೇಟಿನ ಹೆಮ್ಮೆ. ಆಸ್ಟಿನ್ ಸೆವೆನ್‌ನ ಚಾಸಿಸ್ ಇಂಗ್ಲಿಷಿನ ‘ಎ’ ಅಕ್ಷರದ ಆಕಾರದ್ದು, ಹಗುರ, ತಿರುಚಿದರೆ ಬಾಗುವಂಥದ್ದು. ಮುಂದೆ ಅಡ್ಡಕ್ಕೆ ಒಂದೇ ಪಟ್ಟೆ ಸ್ಪ್ರಿಂಗ್, ಹಿಂದೆ ಎರಡು ಕಾಲು-ಎಲಿಪ್ಟಿಕ್ (ಒಂದೇ ತುದಿ ಚಾಸಿಸಿಗೆ ಬಿಗಿದ ಗಿಡ್ಡ ಪಟ್ಟೆ) ಸ್ಪ್ರಿಂಗ್. ಇಂಥ ಕಾರಿನ ಚಾಸಿಸಿಗೆ ನಾಲ್ಕು ಮೂಲೆಯಲ್ಲಿ ಬೆಲ್ಟ್ ಹಾಕಿ ಎಳೆದರೆ ಚಾಸಿಸ್ ತಿರುಚುತ್ತದೆ. ಅಷ್ಟೇ ಅಲ್ಲ, ದಾರಿಯ ಕುಲುಕಾಟಕ್ಕೆ ಸ್ಪ್ರಿಂಗ್ ಕುಗ್ಗಿದ ಪ್ರತಿ ಸಲವೂ ಬೆಲ್ಟ್ ಸಡಿಲವಾಗಿ, ಹಿಗ್ಗಿದಾಗ ಜಗ್ಗುತ್ತದೆ. ಕೆಲವೇ ದಿನಗಳಲ್ಲಿ ಕೊಕ್ಕೆ ಕಳಚಿಕೊಳ್ಳುತ್ತದೆ. ಇಲ್ಲಿ ಹಾಗೆ ಮಾಡಿಲ್ಲ. ಹಿಡಿದದ್ದು ಆಕ್ಸಲನ್ನು.

ಒಂದು ಗಟ್ಟಿಯನ್ನು ಹತ್ತಿರದಿಂದ ನೋಡಿ. 200 ಮಿ.ಮೀ. ಅಗಲದ ಗಡಸು ಮರದ ತುಂಡು, ಮೇಲೆ ಆಕ್ಸಲ್ ಬೀಮಿನ ಆಕಾರಕ್ಕೆ ಸರಿಯಾಗಿ ಕೊರೆದ ತಗ್ಗು, ತಗ್ಗಿನೊಳಗೆ ದಪ್ಪ ಫೆಲ್ಟ್. ಬೀಮಿನ ಮೇಲಿಂದ ಯು-ಬೋಲ್ಟ್ ಇಳಿದು ಗಟ್ಟಿಯನ್ನೂ ತಳದ ತೊಲೆಯನ್ನೂ ಹಾದು ಕೆಳಗೆ ಕಬ್ಬಿಣದ ಪಟ್ಟಿಯಲ್ಲಿ ನಿಲ್ಲುತ್ತದೆ. ಎರಡೆರಡು ನಟ್ಟು. ಪಟ್ಟಿ ಇಲ್ಲದೆ ಬರೀ ವಾಷರ್ ಹಾಕಿದ್ದರೆ ಬಿಗಿಯುತ್ತ ಹೋದಂತೆ ಅದು ಮರದೊಳಗೆ ಹೂತು ಹಿಡಿತ ಸಡಿಲಾಗುತ್ತಿತ್ತು. ಮುಂದೆ ಬೀಮಿನ ಎರಡು ತುದಿಗಳ ಬಳಿ, ಹಿಂದೆ ಬ್ರೇಕ್ ಡ್ರಮ್ಮಿಗೆ ತಾಗದಂತೆ ಆಕ್ಸಲ್ ಕೊಳವೆಯ ಕೆಳಗೆ, ಹೀಗೆ ಒಟ್ಟು ನಾಲ್ಕು ಗಟ್ಟಿ. ಸಾಗಣೆಯ ಲೆಕ್ಕದಲ್ಲಿ ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಸರಕಿನ ತೂಕದ 0.8 ಪಾಲು ಮುಂದಕ್ಕೆ, ಒರಟು ಸಮುದ್ರದಲ್ಲಿ ಹಡಗು ಹೊಯ್ದಾಡಿದಾಗ 0.8 ಪಾಲು ಪಕ್ಕಕ್ಕೆ ತಳ್ಳುತ್ತದೆ ಎಂದು ಹಿಡಿಯುತ್ತಾರೆ. ಕಾರು 450 ಕಿಲೋ ಇದ್ದರೆ 360 ಕಿಲೋ ತಳ್ಳು. ನಾಲ್ಕು ಯು-ಬೋಲ್ಟಿಗೆ ಅದು ಭಾರವಲ್ಲ. ನಾಲ್ಕು ಮೊಳೆ ಹೊಡೆದ ಬೆಣೆಗೆ ಭಾರವೇ.

ಆಕ್ಸಲ್ ಹಿಡಿದ ಮೇಲೂ ಬಾಡಿ ಸ್ಪ್ರಿಂಗಿನ ಮೇಲೆ ಕುಣಿಯುತ್ತದೆ, ಇದನ್ನು ಬಹಳ ಮಂದಿ ಮರೆಯುತ್ತಾರೆ. ಚಾಸಿಸಿನ ಮುಂದಿನ ಅಡ್ಡಪಟ್ಟಿಯ ಕೆಳಗೆ ಒಂದು, ಹಿಂದಿನ ಸ್ಪ್ರಿಂಗುಗಳ ಬುಡದಲ್ಲಿ ಎರಡು ಮರದ ಊರೆ (ಆಸರೆ) ಕೊಟ್ಟು, ಚಾಸಿಸನ್ನು 10ರಿಂದ 15 ಮಿ.ಮೀ. ಕೆಳಕ್ಕೆ ಒತ್ತಿ ಕಟ್ಟಬೇಕು. ಆಗ ಮೇಲಕ್ಕೂ ಆಟವಿಲ್ಲ, ಕೆಳಕ್ಕೂ ಆಟವಿಲ್ಲ. ವರ್ಕ್‌ಶಾಪ್ ಮುಂದಿನ ಊರೆ ಕೊಟ್ಟಿದೆ, ಹಿಂದಿನ ಎರಡನ್ನು ಕೊಟ್ಟಿರಲಿಲ್ಲ. ಕೇಳಿದ ಮೇಲೆ ಹಾಕಿಕೊಟ್ಟರು. ನೀವು ಮಾಡಿಸುವುದಾದರೆ ಮೊದಲೇ ಬರೆದುಕೊಡಿ.

ಪಕ್ಕದ ಗೋಡೆಗಳಿಗೆ 12 ಮಿ.ಮೀ. ಪ್ಲೈವುಡ್, ಅದಕ್ಕೆ 75 × 25ರ ಪಟ್ಟಿ, ನಡುವೆ ಓರೆ ಪಟ್ಟಿ. ಬರೀ ನೇರ ಹಲಗೆಯ ತೆರೆದ ಕ್ರೇಟಿಗೆ ಓರೆ ಪಟ್ಟಿ ಇಲ್ಲದಿದ್ದರೆ ಅದು ಆಯತವಾಗಿ ಉಳಿಯುವುದಿಲ್ಲ, ಒಂದು ಕಡೆ ವಾಲಿ ಸಮಾಂತರ ಚತುರ್ಭುಜವಾಗುತ್ತದೆ. ಪ್ಲೈ ಇದ್ದರೆ ಆ ಭಯ ಕಡಿಮೆ. ಮೊಳೆಯ ವಿಚಾರದಲ್ಲಿ ಒಂದು ಹಳೆಯ ಪಾಠವಿದೆ: ಹಲಗೆಯ ಕೊಯ್ದ ತುದಿಗೆ, ನಾರಿನ ಉದ್ದಕ್ಕೆ ಹೊಡೆದ ಮೊಳೆ ಸುಲಭವಾಗಿ ಕಿತ್ತು ಬರುತ್ತದೆ, ನಾರಿಗೆ ಅಡ್ಡವಾಗಿ ಹೊಡೆದದ್ದು ಹಿಡಿದು ನಿಲ್ಲುತ್ತದೆ. ಅದಕ್ಕೇ ಒಳ್ಳೆಯ ಕ್ರೇಟಿನ ಮೂಲೆಯಲ್ಲಿ ಮೂರು ತುಂಡುಗಳನ್ನು ಒಂದನ್ನೊಂದು ದಾಟಿಸಿ, ಪ್ರತಿಯೊಂದೂ ಇನ್ನೊಂದಕ್ಕೆ ಅಡ್ಡನಾರಿನಲ್ಲಿ ಕಚ್ಚುವಂತೆ ಕೂರಿಸುತ್ತಾರೆ. ಅಮೆರಿಕದ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ 1910ರಲ್ಲಿ ಶುರುವಾದ ಅರಣ್ಯ ಉತ್ಪನ್ನ ಪ್ರಯೋಗಾಲಯ ಪೆಟ್ಟಿಗೆಗಳನ್ನು ದೊಡ್ಡ ತಿರುಗುವ ಪೀಪಾಯಿಯೊಳಗೆ ಉರುಳಿಸಿ ಒಡೆದು ನೋಡಿ ಇಂಥ ವಿಷಯಗಳನ್ನು ಪರೀಕ್ಷೆ ಮಾಡಿತ್ತು. ಬೈಕಂಪಾಡಿಯ ಪೆಟ್ಟಿಗೆಯ ತಳದ ಮೂಲೆಗಳು ಈ ಕ್ರಮದಲ್ಲೇ ಇವೆ. ಮೇಲಿನ ಮೂಲೆಗಳು ಇಲ್ಲ.

ಗೋಡೆಗಳನ್ನು ತಳಕ್ಕೂ ಪರಸ್ಪರವೂ ಸೇರಿಸಿದ್ದು 24 ಬೋಲ್ಟು. ಮರಳಿ ಬರುವ ಕಾರಿಗೆ ಇದೇ ಸರಿ. ಮೊಳೆ ಹೊಡೆದ ಗೋಡೆಯನ್ನು ಸಬ್ಬಲ್ಲಿನಿಂದ ಎಬ್ಬಿಸಿದರೆ ಎರಡನೆಯ ಪ್ರಯಾಣಕ್ಕೆ ಆ ಹಲಗೆ ಆಗುವುದಿಲ್ಲ. ಆದರೆ ಯಾವ ಗೋಡೆ ಎಲ್ಲಿ ಎಂಬುದನ್ನು ಸೀಮೆಸುಣ್ಣದಲ್ಲಿ ಬರೆದಿದ್ದಾರೆ. ಪಣಂಬೂರು ತಲುಪುವಷ್ಟರಲ್ಲೇ ಅದು ಅಳಿಸುತ್ತದೆ. ಕಪ್ಪು ಬಣ್ಣದಲ್ಲಿ ಕೊರೆಯಚ್ಚು ಇಟ್ಟು ಅಂಕೆ ಹಾಕಬೇಕು, ಬಿಚ್ಚುವ ಕ್ರಮವನ್ನೂ ಬರೆಯಬೇಕು: ಮೊದಲು ಮುಚ್ಚಳ, ಆಮೇಲೆ ಉದ್ದ ಗೋಡೆ, ಕೊನೆಗೆ ತುದಿ ಗೋಡೆ.

ಮುಚ್ಚಳದ ಬಗ್ಗೆ ನಮ್ಮ ತಕರಾರು ಗಟ್ಟಿ. 12 ಮಿ.ಮೀ. ಪ್ಲೈ, ಒಂದೂವರೆ ಮೀಟರ್ ಅಗಲಕ್ಕೆ ಬರೀ ಎರಡು ಅಡ್ಡಪಟ್ಟಿ. ಕ್ರೇನಿನಲ್ಲಿ ಎತ್ತುವಾಗ ಹಗ್ಗ ಕೆಳಗಿಂದ ಸುತ್ತಿ ಮೇಲೆ ಒಂದಾಗುತ್ತದೆ, ಆಗ ಮೇಲಿನ ಎರಡು ಅಂಚುಗಳನ್ನು ಒಳಕ್ಕೆ ಹಿಂಡುತ್ತದೆ. ಹಗ್ಗ ಹಾಯುವ ಜಾಗದಲ್ಲಿ ಮುಚ್ಚಳದ ಕೆಳಗೆ ಅಡ್ಡ ತೊಲೆ ಇಲ್ಲದಿದ್ದರೆ ಗೋಡೆ ಒಳಕ್ಕೆ ಮುರಿದು ಮಡ್‌ಗಾರ್ಡಿಗೆ ಬಡಿಯುತ್ತದೆ. ‘ಈಗೆಲ್ಲ ಫೋರ್ಕ್‌ಲಿಫ್ಟ್, ಹಗ್ಗ ಯಾರು ಹಾಕುತ್ತಾರೆ’ ಎಂಬುದು ವರ್ಕ್‌ಶಾಪಿನ ಉತ್ತರ. ಒಪ್ಪಬಹುದಿತ್ತು, ಆದರೆ ಹಂಚಿಕೊಂಡ ಕಂಟೇನರಿನಲ್ಲಿ ಇನ್ನೊಬ್ಬರ ಸರಕನ್ನು ಇದರ ಮೇಲೆಯೇ ಪೇರಿಸುತ್ತಾರೆ. ‘ಮೇಲೆ ಇಡಬೇಡಿ’ ಎಂದು ಬರೆದರೆ ಯಾರೂ ಓದುವುದಿಲ್ಲ. 100 × 50ರ ನಾಲ್ಕು ಅಡ್ಡ ತೊಲೆಗಳನ್ನು, 50 ಮಿ.ಮೀ. ಮುಖ ಕೆಳಗೆ ಬರುವಂತೆ ನಿಲ್ಲಿಸಿ ಕೂರಿಸಿ. ಮಲಗಿಸಿ ಹೊಡೆದರೆ ಅದೇ ಮರ ನಾಲ್ಕರಲ್ಲೊಂದು ಪಾಲು ಬಿಗಿತ ಕೊಡುತ್ತದೆ.

ಇನ್ನು ಮರ. ತಳದ ತೊಲೆಗಳಿಗೆ ತೇವಮಾಪಕದ ಸೂಜಿ ಚುಚ್ಚಿದಾಗ ಬಂದದ್ದು 22ರಿಂದ 24 ಶೇಕಡಾ. ಪ್ಲೈ 12ರ ಆಸುಪಾಸು. ವರ್ಷಕ್ಕೆ 3500 ಮಿ.ಮೀ. ಮೀರಿ ಮಳೆ ಬೀಳುವ ಕರಾವಳಿಯಲ್ಲಿ ತೆರೆದ ಶೆಡ್ಡಿನಲ್ಲಿಟ್ಟ ಮರ ಹೀಗಿರುವುದು ಆಶ್ಚರ್ಯವಲ್ಲ, ಆದರೆ ಅದನ್ನು ಕಾರಿನ ಜೊತೆ ಒಂದೇ ಪೆಟ್ಟಿಗೆಯಲ್ಲಿ ಮುಚ್ಚಬಾರದು. ಲೆಕ್ಕ ನೋಡಿ: ಈ ಕ್ರೇಟಿನ ಮರ ಒಟ್ಟು ಸುಮಾರು 300 ಕಿಲೋ. ಸರಾಸರಿ ತೇವ 20 ಶೇಕಡಾ ಎಂದರೆ ಒಣ ಮರ 250 ಕಿಲೋ, ನೀರು 50 ಕಿಲೋ. ದಾರಿಯಲ್ಲಿ ಅದು 14ಕ್ಕೆ ಇಳಿದರೆ 15 ಲೀಟರ್ ನೀರು ಹೊರಬಿತ್ತು. ಹಗಲಲ್ಲಿ ಕಂಟೇನರ್ ಕಾದಾಗ ಆವಿಯಾಗಿ ಏಳುತ್ತದೆ, ರಾತ್ರಿ ತಗಡು ತಣ್ಣಗಾದಾಗ ಹನಿಯಾಗಿ ಕಾರಿನ ಮೇಲೆ ಬೀಳುತ್ತದೆ. ರೇಡಿಯೇಟರ್ ಕವಚದ ನಿಕ್ಕಲ್, ಬ್ರೇಕ್ ಕೇಬಲ್, ಸೀಟಿನ ಚರ್ಮ ಎಲ್ಲವೂ ಇದರ ಬಾಯಿಗೆ. ಹಸಿ ಮರ ಒಣಗಿದಾಗ ಕುಗ್ಗುವುದರಿಂದ ಮೊಳೆಯೂ ಬೋಲ್ಟೂ ಸಡಿಲಾಗುತ್ತವೆ, ಇದು ಎರಡನೆಯ ಪೆಟ್ಟು.

‘ಎಚ್‌ಟಿ ಮುದ್ರೆ ಇದೆಯಲ್ಲ’ ಎಂಬ ಮಾತು ಇಲ್ಲಿ ಕೇಳಿಬರುತ್ತದೆ. ಎಚ್‌ಟಿ ಎಂದರೆ ಹೀಟ್ ಟ್ರೀಟ್‌ಮೆಂಟ್, ಮರದ ಶಾಖ ಚಿಕಿತ್ಸೆ. ಆ ಮುದ್ರೆಗೂ ಒಣಗುವುದಕ್ಕೂ ಸಂಬಂಧವಿಲ್ಲ. ಮರದ ಪ್ಯಾಕಿಂಗಿನಲ್ಲಿ ಕೀಟ ದೇಶ ದಾಟದಂತೆ ಮಾಡಿದ ಐಎಸ್‌ಪಿಎಂ 15 ಎಂಬ ಅಂತಾರಾಷ್ಟ್ರೀಯ ನಿಯಮ ಕೇಳುವುದು ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸತತ 30 ನಿಮಿಷ ಇರಬೇಕು ಎಂದು. ಹುಳ, ಮೊಟ್ಟೆ ಸಾಯಲು ಅಷ್ಟು ಸಾಕು. ನೀರು ಹೋಗಲು ಸಾಲದು. ಆದ್ದರಿಂದ ಎರಡನ್ನೂ ಕೇಳಿ: ಶಾಖ ಚಿಕಿತ್ಸೆ ಬೇರೆ, 18 ಶೇಕಡಾಕ್ಕಿಂತ ಕಡಿಮೆ ತೇವ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕ್ರೇಟ್ ಕಟ್ಟಿಸುವುದಾದರೆ ಮರ ಬಿಸಿಗಾಳಿಯ ಗೂಡಿನಲ್ಲಿ (ಕಿಲ್ನ್) ಒಣಗಿಸಿದ್ದೇ ಆಗಬೇಕು.

ಮುದ್ರೆಯ ಕೆಲಸ ಬಹುಪಾಲು ಸರಿಯಾಗಿದೆ. ಗೋಧಿ ತೆನೆಯ ಚಿಹ್ನೆ, ದೇಶದ ಸಂಕೇತ ‘ಐಎನ್’, ಘಟಕದ ಸಂಖ್ಯೆ, ‘ಎಚ್‌ಟಿ’, ಎದುರುಬದುರು ಎರಡು ಬದಿಗಳಲ್ಲಿ ಸ್ಪಷ್ಟವಾಗಿ ಬಿದ್ದಿದೆ. ಬಣ್ಣ ಕಪ್ಪು. ಕೆಂಪು, ಕಿತ್ತಳೆ ಬಳಸಬಾರದು, ಅವು ಅಪಾಯಕಾರಿ ಸರಕಿನ ಗುರುತಿಗೆ ಮೀಸಲು. ತಪ್ಪಿದ್ದು ಒಂದು ಕಡೆ. ಕೊನೆಗಳಿಗೆಯಲ್ಲಿ ಚಕ್ರಗಳು ಅಲುಗದಂತೆ ಮಾವಿನ ಮರದ ನಾಲ್ಕು ಬೆಣೆ ಹೊಡೆದಿದ್ದರು. ಮುದ್ರೆಯಿಲ್ಲ, ಒಂದರಲ್ಲಿ ಸಿಪ್ಪೆಯೂ ಇತ್ತು. ನಿಯಮದ ಪ್ರಕಾರ 3 ಸೆಂ.ಮೀ.ಗಿಂತ ಕಡಿಮೆ ಅಗಲದ ಸಿಪ್ಪೆಯ ಎಳೆ ಇದ್ದರೆ ಅಡ್ಡಿಯಿಲ್ಲ, ಅದಕ್ಕಿಂತ ಅಗಲವಿದ್ದರೆ ಆ ತುಂಡು 50 ಚದರ ಸೆಂ.ಮೀ. ಒಳಗಿರಬೇಕು. ಇಡೀ ಪೆಟ್ಟಿಗೆ ಸರಿಯಿದ್ದು ಒಂದು ಬೆಣೆಗಾಗಿ ಆಚೆ ಬಂದರಿನಲ್ಲಿ ಸರಕು ತಡೆಹಿಡಿಯಬಹುದು. ಬೆಣೆಗೆ ಪ್ಲೈ ತುಂಡುಗಳನ್ನೇ ಅಂಟಿಸಿ ಕೊಯ್ದರೆ ಈ ಗೊಡವೆಯೇ ಇಲ್ಲ. ಅಂಟು, ಶಾಖ, ಒತ್ತಡದಿಂದ ತಯಾರಾದ ಪ್ಲೈವುಡ್ಡಿಗೆ ಈ ನಿಯಮ ಅನ್ವಯಿಸುವುದಿಲ್ಲ.

ಕಾರಿನ ತಯಾರಿ ವರ್ಕ್‌ಶಾಪಿನ ಕೆಲಸವಲ್ಲ, ಮಾಲೀಕರದು. ಪೆಟ್ರೋಲ್ ಟ್ಯಾಂಕ್, ಕಾರ್ಬ್ಯುರೇಟರ್ ಪೂರ್ತಿ ಖಾಲಿ ಮಾಡಿ, ಬ್ಯಾಟರಿ ಕಳಚಿ. ಶಿಪ್ಪಿಂಗ್ ಕಂಪನಿ ಇವೆರಡಕ್ಕೂ ಲಿಖಿತ ಘೋಷಣೆ ಕೇಳುತ್ತದೆ. ರೇಡಿಯೇಟರಿನ ಜೊತೆ ಎಂಜಿನ್ ಬ್ಲಾಕಿನ ನೀರನ್ನೂ ಇಳಿಸಿ. ಸ್ಪಾರ್ಕ್ ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಎಣ್ಣೆ ಬಿಟ್ಟು, ಹ್ಯಾಂಡಲಿನಿಂದ ನಾಲ್ಕಾರು ಸುತ್ತು ತಿರುಗಿಸಿ ಪ್ಲಗ್ ಮುಚ್ಚಿ. ಹ್ಯಾಂಡ್ ಬ್ರೇಕ್ ಬಿಟ್ಟಿರಲಿ. ತಿಂಗಳುಗಟ್ಟಲೆ ತೇವದಲ್ಲಿ ಎಳೆದಿಟ್ಟರೆ ಲೈನಿಂಗ್ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಹೊಳೆಯುವ ಲೋಹಕ್ಕೆ ತೆಳುವಾಗಿ ಗ್ರೀಸ್ ಹಚ್ಚಿ ಮೇಣದ ಕಾಗದ ಸುತ್ತುವ ಹಳೆಯ ಕ್ರಮ ಈಗಲೂ ಚೆನ್ನ. ತುಕ್ಕು ತಡೆಯುವ ಕಾಗದ ಸಿಕ್ಕರೆ ಇನ್ನೂ ಒಳ್ಳೆಯದು. ಪ್ಲಾಸ್ಟಿಕ್ ಹಾಳೆಯಿಂದ ಕಾರನ್ನು ಬಿಗಿಯಾಗಿ ಸುತ್ತಬೇಡಿ, ಬೆವರು ಒಳಗೇ ಉಳಿಯುತ್ತದೆ. ಮೇಲ್ಭಾಗಕ್ಕೆ ಮಾತ್ರ ಹೊದಿಸಿ, ಬದಿಗಳು ತೆರೆದಿರಲಿ. ಗೋಡೆಯ ಮೇಲ್ಭಾಗದಲ್ಲಿ ಎರಡು ತುದಿಗೆ ಮಳೆತಡೆ ಇರುವ ಗಾಳಿಕಿಂಡಿ ಬಿಡಿಸಿ. ಕ್ಯಾಲ್ಸಿಯಂ ಕ್ಲೋರೈಡ್ ಚೀಲಗಳನ್ನು ಕಾರಿಗೆ ತಾಗದಂತೆ ಗೋಡೆಗೆ ತೂಗುಹಾಕಿ. ಅವು ಹೀರಿದ ನೀರು ಉಪ್ಪುನೀರು, ಚೀಲ ಹರಿದು ಲೋಹದ ಮೇಲೆ ಸೋರಿದರೆ ಮಾಡಿದ್ದೆಲ್ಲ ವ್ಯರ್ಥ.

ಕಳಚಿದ ಸಾಮಾನಿಗೆ, ಅಂದರೆ ಹೆಡ್‌ಲ್ಯಾಂಪ್, ಹಾರ್ನ್, ಕನ್ನಡಿ, ಚಕ್ರದ ನಟ್ಟುಗಳಿಗೆ, ವರ್ಕ್‌ಶಾಪ್ ಒಂದು ಚಿಕ್ಕ ಪೆಟ್ಟಿಗೆ ಮಾಡಿ ತಳಕ್ಕೆ ಸ್ಕ್ರೂ ಹಾಕಿ ಕೂರಿಸಿದೆ. ಮುಚ್ಚಳದ ಒಳಬದಿಗೆ ಸಾಮಾನಿನ ಪಟ್ಟಿ ಅಂಟಿಸಿದೆ. ಇದು ಯಾರೂ ಕೇಳದೆ ಮಾಡಿದ ಕೆಲಸ, ಮೆಚ್ಚಬೇಕು.

ಕಾಗದಪತ್ರದ ಮಾತು ಚುಟುಕಾಗಿ. ಹಳೆಯ ಕಾರುಗಳ ರಫ್ತಿಗೆ ನಿರ್ಬಂಧಗಳಿವೆ, ಪ್ರದರ್ಶನಕ್ಕೆ ಹೋಗಿ ಮರಳುವುದಾದರೂ ಮರ ಕೊಯ್ಯುವ ಮೊದಲೇ ಕಸ್ಟಮ್ಸ್ ಏಜೆಂಟರ ಬಳಿ ಮಾತಾಡಿ. ತಾತ್ಕಾಲಿಕ ಸಾಗಣೆಯ ಕಸ್ಟಮ್ಸ್ ಪತ್ರವಾದ ಎಟಿಎ ಕಾರ್ನೆಟನ್ನು ಭಾರತದಲ್ಲಿ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಗಳ ಒಕ್ಕೂಟ ಎಫ್‌ಐಸಿಸಿಐ ಕೊಡುತ್ತದೆ, ಅವಧಿ ಹೆಚ್ಚೆಂದರೆ ಒಂದು ವರ್ಷ. ಚಾಸಿಸ್ ಸಂಖ್ಯೆ, ಎಂಜಿನ್ ಸಂಖ್ಯೆ ಕಾರ್ನೆಟಿನ ಪಟ್ಟಿಗೆ ಹೊಂದಬೇಕು. ತಪಾಸಣೆಗೆ ಬಂದವರು ಇಡೀ ಗೋಡೆ ಬಿಚ್ಚದೆ ಅವುಗಳನ್ನು ಓದುವಂತೆ ಬದಿಯಲ್ಲಿ ಬೋಲ್ಟ್ ಹಾಕಿದ ಒಂದು ಚಿಕ್ಕ ಬಾಗಿಲು ಇಡಿಸಿ. ಈ ಕ್ರೇಟಿನಲ್ಲಿ ಅದಿಲ್ಲ.

ದರವನ್ನು ಇಲ್ಲಿ ಪೆಟ್ಟಿಗೆಯ ಹೊರ ಅಳತೆಗೆ ಹೇಳುತ್ತಾರೆ. ಮರ, ಶಾಖ ಚಿಕಿತ್ಸೆ, ಗಟ್ಟಿ ಮತ್ತು ಬೋಲ್ಟು, ಕೂಲಿ ಎಂದು ಬಿಡಿಸಿ ಬರೆಸಿಕೊಳ್ಳಿ. ಇಲ್ಲದಿದ್ದರೆ ಮುಚ್ಚಳದ ತೊಲೆ ಬೇಕೆಂದಾಗ ಮತ್ತೆ ಚೌಕಾಸಿ. ಕೆಲಸ ಹೇಳಿದ ದಿನಕ್ಕೆ ಮುಗಿದಿದೆ, ಆಚಾರಿಗಳು ತಪ್ಪು ತೋರಿಸಿದರೆ ಮುಖ ಗಂಟಿಕ್ಕುವುದಿಲ್ಲ. ಐದರಲ್ಲಿ ಮೂರೂವರೆ ಅಂಕ ಕೊಡುತ್ತೇವೆ. ಒಣ ಮರ ಮತ್ತು ಗಟ್ಟಿ ಮುಚ್ಚಳ ಸಿಕ್ಕ ದಿನ ನಾಲ್ಕೂವರೆ.

ಕಾರು ಕೂರಿಸಿದ ದಿನವೇ ಗೋಡೆ ಮುಚ್ಚಿಸಬೇಡಿ. ಎರಡು ದಿನ ತಳದ ಮೇಲೆ ಹಾಗೇ ಬಿಟ್ಟು, ನಾಲ್ಕೂ ಯು-ಬೋಲ್ಟಿನ ನಟ್ಟುಗಳಿಗೆ ಮತ್ತೊಮ್ಮೆ ಪಾನಾ ಹಾಕಿ. ಮೊದಲ ಬಿಗಿತಕ್ಕೆ ಫೆಲ್ಟ್ ಕುಸಿದು, ಮರ ಕೂತು, ನಟ್ಟು ಕಾಲು ಸುತ್ತಾದರೂ ತಿರುಗುತ್ತದೆ. ಆ ಮೇಲೆ ಎರಡನೆಯ ನಟ್ಟು ಬಿಗಿದು ಗೋಡೆ ಏರಿಸಲಿ.